ನಲವತ್ತೊಂದು ಎಸೆತ

ರೋಣ
೧೪ ಮಾರ್ಚ್ ೨೦೨೫

ಚಿ. ಅನಘಾಗೆ ಆಶೀರ್ವಾದಗಳು.

ಈ ಪತ್ರವನ್ನು ಒಂದು ಅಪರಾಧದ ಒಪ್ಪಿಗೆಯಿಂದ ಆರಂಭಿಸುತ್ತಿದ್ದೇನೆ. ಮೂವತ್ತಾರು ವರ್ಷ ಪಿಯುಸಿ ಮಕ್ಕಳಿಗೆ ತರ್ಕಶಾಸ್ತ್ರ ಕಲಿಸಿ, ನಕಲು ಚೀಟಿಗಳನ್ನು ಎಷ್ಟೋ ಕಿಸೆಗಳಿಂದ ಕಿತ್ತು, ಸತ್ಯದ ಮೇಲೆ ಪ್ರತಿ ಬೀಳ್ಕೊಡುಗೆಯಲ್ಲೂ ಭಾಷಣ ಬಿಗಿದು ನಿವೃತ್ತನಾದ ನಾನು, ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ, ಊರ ವಾಚನಾಲಯದ ದೊಡ್ಡ ಅಟ್ಲಾಸಿನಿಂದ ಅರವತ್ತೇಳನೆಯ ಪುಟವನ್ನು ಹರಿದು, ಮಡಚಿ, ಅಂಗಿಯೊಳಗಿಟ್ಟುಕೊಂಡು ಮನೆಗೆ ತಂದೆ. ಹರಿಯುವ ಸದ್ದು ಕೇಳದಿರಲೆಂದು ಜೋರಾಗಿ ಕೆಮ್ಮಿದೆ. ಅಲ್ಲಿಯ ರೂಪಾ, ನನ್ನ ಹಳೆಯ ವಿದ್ಯಾರ್ಥಿನಿ, “ಸರ, ಭಾಳ ಕೆಮ್ಮಾಕತ್ತೀರಲ್ಲ, ದವಾಖಾನಿಗೆ ತೋರಸ್ರಿ” ಅಂದಳು. ಸಿಕ್ಕಿಬಿದ್ದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಕಾರಣ ನೀನು. “ಲೊರೂವಾ ಅನ್ನೋ ದ್ವೀಪದೇಶದಾಗ ಕೆಲಸ ಸಿಕ್ಕದ” ಎಂದು ಎರಡು ಸಾಲು ಕಳಿಸಿ ವಿಮಾನ ಹತ್ತಿದೆ. ಆ ದ್ವೀಪ ಹುಡುಕಲು ನಾನಿಲ್ಲಿ ದೀಪ ಹಚ್ಚಬೇಕಾಯಿತು. ಹಿಂದೂ ಮಹಾಸಾಗರವನ್ನು ಊಟದ ತಾಟಿನ ಪಕ್ಕ ಹರಡಿ, ಭೂತಗನ್ನಡಿ ಹಿಡಿದು ಮೂರು ದಿನ ಈಜಿದೆ. ಕೊನೆಗೊಂದು ಚುಕ್ಕೆ ಸಿಕ್ಕಿತು. “ನೋಡು, ನಿನ್ನ ಮಗಳು ಇಲ್ಲಿದ್ದಾಳ” ಎಂದು ನಿನ್ನ ಅವ್ವನಿಗೆ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, ಸೆರಗಿನ ತುದಿಯಿಂದ ಒರೆಸಿದಳು. ದೇಶ ಅಳಿಸಿಹೋಯಿತು.

“ನೊಣದ್ದರೀ ಅದು. ಹೋಗಿ ಪುಟಾ ವಾಪಸ್ ಅಂಟಿಸಿ ಬರ್ರಿ” ಅಂದಳು ಭೀಮಾಬಾಯಿ.

ನಾವಿಬ್ಬರೂ ಫೋನಿನಲ್ಲಿ ನಾಲ್ಕನೆಯ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆಂದು ಅವಳೇ ಈ ಕಾನೂನು ತಂದದ್ದು: ಅಪ್ಪ-ಮಗಳು ಇನ್ನು ಬರೆದುಕೊಳ್ಳಬೇಕು, ಮಾತಾಡಕೂಡದು. ಆದ್ದರಿಂದ ನಾನು ಕೈಯಲ್ಲಿ ಬರೆಯುತ್ತೇನೆ. ಬಸ್‌ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯ ಅಮರೇಶ ಅದನ್ನು ಸ್ಕ್ಯಾನ್ ಮಾಡಿ ನಿನಗೆ ಕಳಿಸುತ್ತಾನೆ, ನಿನ್ನ ಉತ್ತರವನ್ನು ಮುದ್ರಿಸಿ ನನಗೆ ಕೊಡುತ್ತಾನೆ. ನಡುವೆ ಎರಡನ್ನೂ ಓದುತ್ತಾನೆ. ಓದಬೇಡವೋ ಅಂದರೆ, “ಓದಂಗಿಲ್ರಿ ಸರ, ಕಣ್ಣಿಗೆ ಬೀಳ್ತೈತಿ” ಅನ್ನುತ್ತಾನೆ. ನೀನು ಭರ್ಜಿ ಎಸೆಯುವುದನ್ನು ಕಲಿಸುತ್ತೀಯೆಂದು ಅವನಿಗೆ ತಿಳಿಸಿದೆ. “ಬ್ಯಾಟಿಗೇನ್ರಿ, ಹಂದಿ ಹೊಡಿಯಾಕ?” ಎಂದು ಕೇಳಿದ. ಇಂಥ ಊರಿನಲ್ಲಿ ನಾನು ನಿನ್ನ ಕೀರ್ತಿ ಹರಡಬೇಕು.

ಒಂದು ಮಾತು ಮರೆಯಬೇಡ. ಎಸೆಯುವುದು ನಿನಗೆ ಪುಸ್ತಕದಿಂದ ಬಂದದ್ದಲ್ಲ. ೧೯೮೬ರ ನಾಗರ ಪಂಚಮಿಯಂದು, ರಾಜೂರಿನ ಅಗಸಿ ಬಾಗಿಲಿನಿಂದ ಹಳ್ಳದಾಚೆಯ ಹನುಮಪ್ಪನ ಕಟ್ಟೆಯವರೆಗೆ, ಎರಡು ಕಿಲೋಮೀಟರಿಗೆ ತುಸು ಕಡಿಮೆ, ಒಂದು ಲಿಂಬೆಹಣ್ಣನ್ನು ನಲವತ್ತೊಂದೇ ಎಸೆತದಲ್ಲಿ ಮುಟ್ಟಿಸಿದವನ ಮಗಳು ನೀನು. ಬಿದ್ದಲ್ಲಿಂದ ಎತ್ತಿ ಮತ್ತೆ ಎಸೆಯಬೇಕು. ಐವತ್ತರೊಳಗೆ ಮುಟ್ಟಿದರೆ ಪಂಥ ಗೆದ್ದಂತೆ. ಹಣ್ಣು ಎಸೆದು ಹೆಣ್ಣಿನ ತವರು ಗೆದ್ದವ ನಾನು. ಆ ಕೈ ನಿನ್ನ ಕೈಯಲ್ಲಿದೆ.

ಇಂತಿ ನಿನ್ನ ತಂದೆ,
ಅನಂತ (ನಲವತ್ತೊಂದು ಎಸೆತದ)

---

ಲೊರೂವಾ
೨ ಏಪ್ರಿಲ್ ೨೦೨೫

ತೀರ್ಥರೂಪರಿಗೆ ನಮಸ್ಕಾರಗಳು.

ಲೊರೂವಾ ನೊಣದ್ದಲ್ಲ. ಹನ್ನೆರಡು ಸಾವಿರ ಜನರದ್ದು. ರೋಣದ ಸಂತೆಗೆ ಇದಕ್ಕಿಂತ ಹೆಚ್ಚು ಮಂದಿ ಬರುತ್ತಾರೆ ಅನ್ನುವುದು ನಿಜ, ಆದರೆ ಇವರಿಗೊಂದು ರಾಷ್ಟ್ರಗೀತೆ ಇದೆ.

ಹೊರಡುವ ಮುಂಚೆ ಹೇಳದಿದ್ದುದನ್ನು ಈಗ ಹೇಳುತ್ತೇನೆ. ಇಂಥ ಆರು ಪುಟ್ಟ ದ್ವೀಪದೇಶಗಳು ನಾಲ್ಕು ವರ್ಷಕ್ಕೊಮ್ಮೆ ಕೂಡಿ ಒಂದು ಕ್ರೀಡಾಕೂಟ ನಡೆಸುತ್ತವೆ. ಓಟ, ಈಜು, ಕುಸ್ತಿ, ಭರ್ಜಿ, ದೋಣಿ, ಎಲ್ಲ ಇವೆ. ಈ ಸಲ ಜುಲೈಯಲ್ಲಿ, ಪಕ್ಕದ ಪೆರೂಲಿ ದ್ವೀಪದಲ್ಲಿ. ಇಲ್ಲಿಯವರೆಗಿನ ಆರು ಕೂಟಗಳಲ್ಲಿ ಲೊರೂವಾಕ್ಕೆ ಒಂದೂ ಪದಕ ಬಂದಿಲ್ಲ. ಒಮ್ಮೆ ಹಗ್ಗಜಗ್ಗಾಟದಲ್ಲಿ ಬರುವುದಿತ್ತಂತೆ. ಹಗ್ಗ ತರುವ ಪಾಳಿ ಲೊರೂವಾದ್ದಿತ್ತು, ಮರೆತು ಬಂದರಂತೆ.

ಇಲ್ಲಿಯ ಕ್ರೀಡಾ ಕಾರ್ಯದರ್ಶಿಗಳ ಹೆಸರು ಸಲಾವುದ್ದೀನ. ಅವರೇ ವಿಮಾನ ನಿಲ್ದಾಣದ ಸುಂಕದ ಅಧಿಕಾರಿ. ನಾನು ತಂದ ಹೊಸ ಭರ್ಜಿಯನ್ನು ‘ಆಯುಧ’ ಎಂದು ಬರೆದು ಅವರೇ ಜಪ್ತಿ ಮಾಡಿದರು. ಬಿಡಿಸಿಕೊಳ್ಳಲು ಕ್ರೀಡಾ ಕಾರ್ಯದರ್ಶಿಯ ಪತ್ರ ಬೇಕು. “ನೀವೇ ಅಲ್ಲವೇ?” ಅಂದೆ. “ಹೌದು, ಆದರೆ ಆ ಕಚೇರಿಯಲ್ಲಿ ನಾನು ಶುಕ್ರವಾರ ಮಾತ್ರ ಕೂರುತ್ತೇನೆ” ಅಂದರು. ಶುಕ್ರವಾರ ಇಲ್ಲಿ ರಜೆ. ಹಳೆಯ ಭರ್ಜಿ ಇನ್ನೊಂದಿದೆ. ಅದರ ಮೇಲೆ ಅವರ ಮನೆಯವರು ಬಟ್ಟೆ ಒಣಹಾಕುತ್ತಾರೆ. ಒದ್ದೆ ಇದ್ದಾಗ ಕೇಳುವುದು ಸರಿಯಲ್ಲ.

ನನ್ನ ಕೈಕೆಳಗಿರುವ ಹುಡುಗಿ ಒಬ್ಬಳೇ, ಸಾನಿಯಾ. ಹತ್ತೊಂಬತ್ತು ವರ್ಷ, ಮೀನುಗಾರನ ಮಗಳು. ದಂಡೆಯ ಮೇಲೆ ನಿಂತು ದೋಣಿಗೆ ಹಗ್ಗ ಎಸೆಯುವುದನ್ನು ನೋಡಿ ಆರಿಸಿದೆ. ಮೂವತ್ತೆಂಟು ಮೀಟರ್ ಎಸೆಯುತ್ತಾಳೆ. ಪದಕಕ್ಕೆ ನಲವತ್ನಾಲ್ಕಾದರೂ ಬೇಕು. ಜುಲೈಯಲ್ಲಿ ಪದಕ ಬಾರದಿದ್ದರೆ ಭರ್ಜಿ ವಿಭಾಗವನ್ನು ಮುಚ್ಚಿ, ಶಿಕ್ಷಕಿಯನ್ನು ಊರಿಗೆ ಕಳಿಸುವುದೆಂದು ಠರಾವು ಆಗಿದೆ. ಭರ್ಜಿ ವಿಭಾಗವೆಂದರೆ ನಾನು, ಸಾನಿಯಾ ಮತ್ತು ಬಟ್ಟೆ ಒಣಹಾಕುವ ಆ ಕೋಲು.

ಅಪ್ಪಾ, ಬರಿಗೈಯಲ್ಲಿ ರೋಣದ ಬಸ್ಸಿಳಿಯುವುದು ನನ್ನಿಂದ ಆಗದು. ಏಕೆಂದು ನಿಮಗೆ ಗೊತ್ತು.

ಅನಘಾ

---

ರೋಣ
೨೦ ಏಪ್ರಿಲ್ ೨೦೨೫

ಚಿ. ಅನಘಾಗೆ,

ಏಕೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಅಮರೇಶನ ಕಣ್ಣಿಗೆ ಬೀಳುವ ಪತ್ರದಲ್ಲಿ ಬರೆಯುವುದಿಲ್ಲ.

ನಿನ್ನ ಪತ್ರ ಸಿಕ್ಕ ಮರುದಿನ ನಾನು ಚಹಾ ಕುಡಿಯಲು ಹೋದರೆ ಇಡೀ ಹೋಟೆಲು ಸಲಾವುದ್ದೀನ ಸಾಹೇಬರ ಬಗ್ಗೆ ಚರ್ಚಿಸುತ್ತಿತ್ತು. “ಒಬ್ಬನ ಮನಿಷ್ಯಾ ಎರಡು ಖುರ್ಚಿ! ನಮ್ಮಲ್ಲಿ ಒಂದ ಖುರ್ಚಿಗೆ ಎಂಟ ಮಂದಿ” ಎಂದು ಒಬ್ಬರು ಅಸೂಯೆಪಟ್ಟರು. ಅಮರೇಶ ನನ್ನ ಬೆನ್ನು ತಟ್ಟಿ, “ಚಿಂತಿ ಮಾಡಬ್ಯಾಡ್ರಿ ಸರ, ಅಕ್ಕಾರು ಜುಲೈದಾಗ ಬಂದ ಬಿಡ್ತಾರ” ಎಂದು ಸಮಾಧಾನ ಹೇಳಿದ. ಸಮಾಧಾನ ಹೇಳುವುದರಲ್ಲಿ ಅವನಷ್ಟು ಅಪಾಯಕಾರಿ ಮನುಷ್ಯ ಈ ತಾಲೂಕಿನಲ್ಲಿ ಇಲ್ಲ.

ಭರ್ಜಿ ಜಪ್ತಿಯಾದರೆ ಆಗಲಿ. ಲಿಂಬೆಹಣ್ಣನ್ನು ಯಾವ ಸುಂಕದವನೂ ಜಪ್ತಿ ಮಾಡಲಾರ. ನನ್ನ ಪದ್ಧತಿ ಬರೆಯುತ್ತೇನೆ, ಆ ಹುಡುಗಿಗೆ ಓದಿ ಹೇಳು. ಹಣ್ಣನ್ನು ಮೂರು ಬೆರಳಲ್ಲಿ ಹಿಡಿಯಬೇಕು, ಎಳೆ ಮಗುವಿನ ಗಲ್ಲ ಹಿಡಿದಂತೆ. ಮೊಣಕೈ ಕಿವಿಯ ಹತ್ತಿರ ಬರಬೇಕು, ಗುಟ್ಟು ಕೇಳಲು ಬಂದಂತೆ. ಉಸಿರು ಕಟ್ಟಬೇಕು, ಫಲಿತಾಂಶದ ಪಟ್ಟಿ ನೋಡುವ ವಿದ್ಯಾರ್ಥಿಯಂತೆ. ಆಮೇಲೆ ತೋಳಿನ ಶಕ್ತಿಯೆಲ್ಲ ಸೇರಿಸಿ ಒಂದೇ ಝಟಕೆ, ಸಾಲಿ ಬಿಟ್ಟ ಮಕ್ಕಳಂತೆ ಹಣ್ಣು ಹೋಗಬೇಕು. ತೋಳು, ತೋಳು, ತೋಳು. ಉಳಿದ ದೇಹ ಬರೀ ಅದನ್ನು ಹೊತ್ತು ತಿರುಗುವ ಹಮಾಲ.

ಇದನ್ನು ನಾನು ಜೋರಾಗಿ ಓದಿ ತಿದ್ದುತ್ತಿರುವಾಗ ನಿನ್ನ ಅವ್ವ ಅಡಿಗೆಮನೆಯಲ್ಲಿ ನಕ್ಕಳು. “ಏನಾತು?” ಅಂದೆ. “ಏನಿಲ್ಲ, ಒಗ್ಗರಣಿ ಸಿಡೀತು” ಅಂದಳು. ಮೂವತ್ತೊಂಬತ್ತು ವರ್ಷದಿಂದ, ನಾನು ಈ ವಿಷಯ ತೆಗೆದಾಗಲೆಲ್ಲ ನಮ್ಮ ಮನೆಯಲ್ಲಿ ಒಗ್ಗರಣೆ ಸಿಡಿಯುತ್ತದೆ.

ಇಂತಿ ನಿನ್ನ ತಂದೆ,
ಅನಂತ (ನಲವತ್ತೊಂದು ಎಸೆತದ)

---

ಲೊರೂವಾ
೯ ಮೇ ೨೦೨೫

ಅಪ್ಪಾ,

ನಿಮ್ಮ ಪದ್ಧತಿಯಂತೆ ಮೂರು ವಾರ ಮಾಡಿದೆವು. ಇಲ್ಲಿಯ ಲಿಂಬೆಗಳೆಲ್ಲ ಮುಗಿದು, ಮೀನಿಗೆ ಹಿಂಡಲು ಹುಳಿ ಇಲ್ಲವೆಂದು ನೆರೆಯವರು ನನ್ನ ಮೇಲೆ ಸಿಟ್ಟಾಗಿದ್ದಾರೆ. ಸಾನಿಯಾಳ ಮೊಣಕೈ ಬಾತಿದೆ. ಮೂವತ್ತೆಂಟು ಇದ್ದದ್ದು ಮೂವತ್ತೈದಕ್ಕೆ ಇಳಿದಿದೆ. ನಿನ್ನೆ ಅವಳು ಕೇಳಿದಳು: “ನಿಮ್ಮ ಅಪ್ಪ ಹೀಗೆ ನಲವತ್ತೊಂದು ಸಲ ಎಸೆದರೆ, ಅವರ ಕೈ ಇನ್ನೂ ಇದೆಯೇ?”

ಉಪಮೆ ಸಾಕು. ಧಾರವಾಡದ ಕೂಟ ನೆನಪಿದೆಯೇ? ಹನ್ನೆರಡು ವರ್ಷ ಆಯಿತು. ನಾನು ನಾಲ್ಕನೆಯವಳಾಗಿ ಬಂದೆ. ನೀವು ಎಲ್ಲರೆದುರು, ನನ್ನ ಗೆಳತಿಯರೆದುರು, ನಗುತ್ತ ಅಂದಿರಿ: “ನಲವತ್ತೊಂದು ಸಲ ಒಗದವನ ಮಗಳಿಗೆ ಒಂದು ಸಲ ಸೀದಾ ಒಗೀಲಿಕ್ಕೆ ಬರಂಗಿಲ್ಲ!” ಎಲ್ಲರೂ ನಕ್ಕರು. ನೀವು ತಮಾಷೆ ಮಾಡಿದರೆ ಎಲ್ಲರೂ ನಗುತ್ತಾರೆ. ಆ ದಿನದಿಂದ ನಾನು ಭರ್ಜಿ ಎಸೆದಿಲ್ಲ. ಎಸೆಯುವುದನ್ನು ಕಲಿಸುತ್ತೇನೆ, ಎಸೆಯುವುದಿಲ್ಲ.

ಈಗ ನನಗೆ ಬೇಕಾದದ್ದು ಒಂದೇ ಉತ್ತರ. ರಾಜೂರಿನಲ್ಲಿ ನೀವು ಎಸೆದಾಗ ಜೋರು ಎಲ್ಲಿಂದ ಬಂತು? ಯಾವ ಕಾಲು ಹಿಂದಿತ್ತು?

ಇನ್ನು ಒಂಬತ್ತೇ ವಾರ ಇವೆ.

ಅನಘಾ

---

ರೋಣ
೧೮ ಮೇ ೨೦೨೫

ಚಿ. ಅನಘಾಗೆ,

ಧಾರವಾಡದ ಮಾತು ನನಗೆ ನೆನಪಿರಲಿಲ್ಲ. ಆಡಿದವನಿಗೆ ಮರೆಯುತ್ತದೆ, ಕಾಣುತ್ತದೆ. ಅಮರೇಶನಿಗೆ ಮಾತ್ರ ಈಗ ಗೊತ್ತಾಯಿತು. ಮುದ್ರಿಸಿದ ಹಾಳೆಯನ್ನು ಈ ಸಲ ಮಡಚಿ ಕೊಟ್ಟ. ಅವನು ಮಡಚಿ ಕೊಟ್ಟದ್ದು ಇದೇ ಮೊದಲು.

ಯಾವ ಕಾಲು ಹಿಂದಿತ್ತೆಂದು ನನಗೆ ನೆನಪಿಲ್ಲ. ಮೂವತ್ತೊಂಬತ್ತು ವರ್ಷದ ಹಿಂದಿನ ಕಾಲು.

ನಿನ್ನ ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ನಿನ್ನ ಪತ್ರ ಓದಿ ಮೊರವನ್ನು ಕೆಳಗಿಟ್ಟು ಒಂದು ಮಾತು ಹೇಳಿದಳು. ಅದನ್ನು ನನ್ನ ಭಾಷೆಗೆ ತಿರುಗಿಸದೆ ಹಾಗೇ ಬರೆಯಬೇಕೆಂದು ಆಜ್ಞೆಯಾಗಿದೆ. ಬರೆಯುತ್ತಿದ್ದೇನೆ:

“ಕೈಲೆ ಒಗೀಬ್ಯಾಡ ಅಂತ ಹೇಳ್ರಿ ಆ ಹುಡುಗಿಗೆ. ಹಿಂದಿನ ಕಾಲಿನ ಹಿಮ್ಮಡಾ ನೆಲಕ್ಕ ಒತ್ತಿ, ಅಲ್ಲಿಂದ ಏಳ್ಬೇಕು. ನಿಂತು ಜೋಕಾಲಿ ಜೀಕ್ತೇವಲ್ಲ, ಹಂಗ. ಕೈ ಕಡೀಕ್ ಬರ್ತದ, ತಾನ ಬರ್ತದ. ತಿಳೀಲಿಲ್ಲಂದ್ರ ಅಕಿಗೆ ಒಂದು ಜೋಕಾಲಿ ಕಟ್ಟಿ ಕೊಡು ಅಂತ ಅನಘಾಗ ಹೇಳ್ರಿ.”

“ನಿನಗ ಹ್ಯಾಂಗ ಗೊತ್ತು?” ಎಂದು ನಾನು ಕೇಳಲಿಲ್ಲ.

ಅನಂತ

---

ಪೆರೂಲಿ
೧೬ ಜುಲೈ ೨೦೨೫

ಅಪ್ಪಾ, ಅವ್ವಾ,

ಎರಡು ತಿಂಗಳು ಬರೆಯಲಿಲ್ಲ. ಜೋಕಾಲಿಯಲ್ಲಿದ್ದೆವು.

ಮೊದಲು ನನ್ನ ತಲೆಬಿಸಿ ಕೇಳಿ. ಉದ್ಘಾಟನೆಯ ದಿನ ಆರು ದೇಶಗಳು ಧ್ವಜ ಹಿಡಿದು ಸಾಲಾಗಿ ನಡೆಯಬೇಕು. ನಮ್ಮ ತಂಡದಲ್ಲಿ ಹನ್ನೊಂದು ಜನ. ಅದರಲ್ಲಿ ಧ್ವಜ ಹಿಡಿಯುವವನು ಈಜುಗಾರ. ಅವನ ಸ್ಪರ್ಧೆಯನ್ನೂ ಅದೇ ಹೊತ್ತಿಗೆ ಇಟ್ಟಿದ್ದರು. ಧ್ವಜವನ್ನು ನನ್ನ ಕೈಗೆ ಕೊಟ್ಟು ಓಡಿದ. ರೋಣದ ಅನಘಾ ಲೊರೂವಾದ ಧ್ವಜ ಹೊತ್ತು, ಬರದ ರಾಷ್ಟ್ರಗೀತೆಗೆ ತುಟಿ ಅಲ್ಲಾಡಿಸುತ್ತ ಮೈದಾನ ಸುತ್ತಿದಳು. ಸಲಾವುದ್ದೀನ ಸಾಹೇಬರು ನಮ್ಮ ಭರ್ಜಿಯನ್ನು ಕೊನೆಗೂ ಬಿಟ್ಟರು. ಆದರೆ ಇಲ್ಲಿಗೆ ಬಂದಿಳಿದಾಗ ಪೆರೂಲಿಯ ಸುಂಕದವರು ಮತ್ತೆ ಜಪ್ತಿ ಮಾಡಿದರು. ಆಗ ನಮ್ಮ ಸಾಹೇಬರು ಆ ಅಧಿಕಾರಿಗೆ, “ಕ್ರೀಡಾ ಸಾಮಗ್ರಿಯನ್ನು ಹಿಡಿದಿಡಲು ನಿಮಗೆ ನಾಚಿಕೆಯಾಗಬೇಕು!” ಎಂದು ಗುಡುಗಿದರು. ನಾನು ಬೇರೆ ಕಡೆ ನೋಡಿದೆ.

ಮೈದಾನ ಸಮುದ್ರಕ್ಕೆ ಹತ್ತಿಕೊಂಡಿದೆ. ಗಂಡಸರ ಸ್ಪರ್ಧೆಯಲ್ಲಿ ಒಂದು ಭರ್ಜಿ ನೀರಿಗೇ ಹೋಯಿತು. ಅಳೆಯುವುದೋ ಬಿಡುವುದೋ ಎಂದು ಅರ್ಧ ಗಂಟೆ ಜಗಳ ನಡೆಯಿತು. ಅಷ್ಟೂ ಹೊತ್ತು ಸಾನಿಯಾ ಬಿಸಿಲಲ್ಲಿ ನಿಂತಿದ್ದಳು.

ಆರು ಎಸೆತ ಇರುತ್ತವೆ. ಮೊದಲೆರಡು ಗೆರೆ ತುಳಿದು ಹಾಳು. ಮೂರನೆಯದು ಮೂವತ್ತೊಂಬತ್ತು. ನಾಲ್ಕು, ಐದು, ಹೇಳುವುದಲ್ಲ. ಕೊನೆಯದಕ್ಕೆ ಮುಂಚೆ ನನ್ನ ಕಡೆ ನೋಡಿದಳು. ಎದ್ದು ನಿಂತು, ಎರಡೂ ಕೈಯಿಂದ ಇಲ್ಲದ ಹಗ್ಗ ಹಿಡಿದು, ಜೋಕಾಲಿ ಜೀಕಿ ತೋರಿಸಿದೆ. ಹತ್ತಿರ ಕೂತವರು ನಕ್ಕರು. ಸಾನಿಯಾ ನಗಲಿಲ್ಲ. ಓಡಿ ಬಂದಳು, ಹಿಮ್ಮಡಿ ಒತ್ತಿದಳು, ಎದ್ದಳು.

ನಲವತ್ನಾಲ್ಕು ಮೀಟರ್ ಅರವತ್ತೆರಡು. ಕಂಚು. ಆ ದೇಶದ ಮೊಟ್ಟಮೊದಲ ಪದಕ.

ಬಂದರಿನಲ್ಲಿದ್ದ ನಮ್ಮ ದೋಣಿಗಳೆಲ್ಲ ಒಮ್ಮೆಲೇ ಸೀಟಿ ಹಾಕಿದವು. ಸಲಾವುದ್ದೀನ ಸಾಹೇಬರು ಅತ್ತರು. ಯಾವ ಹುದ್ದೆಯಿಂದ ಅಂತ ತಿಳಿಯಲಿಲ್ಲ. ನನ್ನನ್ನು ಇನ್ನೂ ನಾಲ್ಕು ವರ್ಷ ಇಟ್ಟುಕೊಳ್ಳುತ್ತಾರಂತೆ.

ಜನ ಹೋದ ಮೇಲೆ ನಾನು ಆ ಭರ್ಜಿ ಎತ್ತಿ ಒಮ್ಮೆ ಎಸೆದೆ, ಅಪ್ಪಾ. ಅಳೆಯಲಿಲ್ಲ.

ಅನಘಾ

---

ರೋಣ
೨೨ ಜುಲೈ ೨೦೨೫

ಚಿ. ಅನಘಾಗೆ ಅನಂತಾನಂತ ಆಶೀರ್ವಾದಗಳು.

ನಿನ್ನ ಪತ್ರವನ್ನು ನನಗಿಂತ ಮೊದಲು ಊರು ಓದಿತು. ಅಮರೇಶ ಅದರ ಮೂವತ್ತು ಝೆರಾಕ್ಸ್ ತೆಗೆದು ಹಂಚಿ, ಒಂದನ್ನು ಅಂಗಡಿಯ ಗಾಜಿಗೆ ಅಂಟಿಸಿದ್ದಾನೆ. ನಾನು ಹೋದಾಗ ಜನ ಎದ್ದು ನಿಂತರು. ಕಂಚು ನಿನ್ನದು, ಮಿಂಚು ನನ್ನದು. ಒಪ್ಪಿಕೊಳ್ಳುತ್ತೇನೆ, ಚಲೋ ಅನ್ನಿಸಿತು.

ಅವನು ಅಷ್ಟಕ್ಕೇ ನಿಲ್ಲಬಾರದಿತ್ತೆ? ಪಂಚಮಿಯ ದಿನ ಬೆಳಿಗ್ಗೆ ಮೈದಾನದಲ್ಲಿ ನನಗೆ ಸನ್ಮಾನವಂತೆ. ಫ್ಲೆಕ್ಸ್ ಆಗಲೇ ತಯಾರಾಗಿದೆ. ‘ನಲವತ್ತೊಂದು ಎಸೆತದ ಗುರುಗಳು’ ಎಂದು ಆಳೆತ್ತರದ ಅಕ್ಷರ, ಪಕ್ಕದಲ್ಲಿ ನನ್ನ ಮುಖ, ಕೈಯಲ್ಲಿ ಕುಂಬಳದಷ್ಟು ದೊಡ್ಡ ಲಿಂಬೆಹಣ್ಣು. ನಾನು ಸಾಂಕೇತಿಕವಾಗಿ ಒಂದು ಹಣ್ಣು ಎಸೆಯಬೇಕಂತೆ. “ಬ್ಯಾಡೋ ಮಾರಾಯಾ, ಭುಜ ಹಿಡದದ” ಅಂದೆ. “ಒಂದ ರೀ ಸರ. ನಲವತ್ತೊಂದು ಒಗದವರಿಗೆ ಒಂದು ಯಾವ ಲೆಕ್ಕ!” ಅಂದ.

ಅದೂ ಹೋಗಲಿ. ಕಣ್ಣಿಂದ ಕಂಡ ಸಾಕ್ಷಿ ಬೇಕೆಂದು ಗಜೇಂದ್ರಗಡದ ಬಸ್ಸು ಹತ್ತಿ ರಾಜೂರಿಗೆ ಹೋಗಿ ತಿಪ್ಪವ್ವನನ್ನು ಹುಡುಕಿದ್ದಾನೆ. ನಿನ್ನ ಅವ್ವನ ಬಾಲ್ಯದ ಗೆಳತಿ. ಆ ದಿನ ಅಲ್ಲಿದ್ದಳು. ಬರುತ್ತೇನೆ ಅಂದಿದ್ದಾಳಂತೆ. ಇಂಥ ಉತ್ಸಾಹವನ್ನು ಅವನು ಪಿಯುಸಿಯಲ್ಲಿ ತೋರಿಸಿದ್ದರೆ ಎರಡು ಸಲ ಫೇಲಾಗುತ್ತಿರಲಿಲ್ಲ.

ನಿನ್ನ ಅವ್ವ ಫ್ಲೆಕ್ಸ್ ನೋಡಿ ಬಂದು, “ಫೋಟೋ ಚಲೋ ಬಂದದ” ಅಂದಳು. ಅಷ್ಟೇ. ಒಗ್ಗರಣೆ ಕೂಡ ಸಿಡಿಯಲಿಲ್ಲ.

ಇಂತಿ ನಿನ್ನ ತಂದೆ,
ಅನಂತ (ನಲವತ್ತೊಂದು ಎಸೆತದ)

---

ಲೊರೂವಾ
೨೫ ಜುಲೈ ೨೦೨೫

ಅಪ್ಪಾ,

ಹಿಮ್ಮಡಿಯ ಮಾತು ಅವ್ವನಿಗೆ ಹೇಗೆ ಗೊತ್ತೆಂದು ಅವಳಿಗೇ ಫೋನ್ ಮಾಡಿ ಕೇಳಿದೆ. “ನಿಮ್ಮ ಅಪ್ಪನ್ನ ಕೇಳು. ನಾ ಹೇಳೂದಲ್ಲ ಅದು” ಅಂದಳು.

ಕೇಳುತ್ತಿದ್ದೇನೆ. ರಾಜೂರಿನಲ್ಲಿ ಏನಾಯಿತು?

ಅನಘಾ

---

ನರಗುಂದ, ಬಸ್ ನಿಲ್ದಾಣ
೩೧ ಜುಲೈ ೨೦೨೫

ಚಿ. ಅನಘಾಗೆ,

ನರಗುಂದದಿಂದ ಏಕೆ ಎಂದು ಕೇಳಬೇಡ. ಇದು ಅಮರೇಶನ ಕಣ್ಣಿಗೆ ಬೀಳಬಾರದು. ಇಲ್ಲಿ ನನ್ನ ಪರಿಚಯದವರು ಯಾರೂ ಇಲ್ಲ. ಬರುವ ದಾರಿಯಲ್ಲಿ ಅರವತ್ತೇಳನೆಯ ಪುಟವನ್ನು ರೂಪಾಳ ಮೇಜಿನ ಮೇಲಿಟ್ಟು, ಕೆಮ್ಮದೆ ಹೇಳಿ ಬಂದೆ. ಅದು ಸಣ್ಣ ಅಪರಾಧ. ಅಭ್ಯಾಸಕ್ಕೆಂದು ಮೊದಲು ಒಪ್ಪಿಸಿದೆ.

ಸನ್ಮಾನ ನಡೆಯಿತು. ಶಾಲು ಹೊದಿಸಿದರು. ತಿಪ್ಪವ್ವನನ್ನು ಮೈಕಿನ ಮುಂದೆ ನಿಲ್ಲಿಸಿದರು. ಅವಳು ನನ್ನನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು, “ನಮ್ಮೂರ ಅಳಿಯಾರು ಭಾಳ ಚಲೋ ಒಗದಿದ್ರಿ. ನಾ ಕಣ್ಣಾರೆ ಕಂಡೀನಿ” ಅಂದಳು. ಚಪ್ಪಾಳೆ ಬಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ನಾನು ಎಸೆದೆ. ತೋಳು, ತೋಳು, ತೋಳು. ಹಣ್ಣು ಹನ್ನೊಂದು ಹೆಜ್ಜೆ ಹೋಗಿ ನಿಂತಿತು. “ವಯಸ್ಸು ರೀ, ವಯಸ್ಸು” ಎಂದು ಜನ ದೊಡ್ಡ ಮನಸ್ಸು ಮಾಡಿದರು. ಎರಡನೆಯ ಸಾಲಿನಲ್ಲಿದ್ದ ನಿನ್ನ ಅವ್ವ ಎದ್ದು ಹೋಗಿ ಹಣ್ಣನ್ನು ಹೆಕ್ಕಿದ್ದಳು. ಅಡಿಗೆಗಾದೀತೆಂದು ತರುತ್ತಿದ್ದಾಳೆ ಅಂದುಕೊಂಡೆ. ಅವಳು ಅಲ್ಲೇ ಚಪ್ಪಲಿ ಕಳಚಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಹಿಮ್ಮಡಿ ಒತ್ತಿದಳು. ಅರವತ್ತು ವರ್ಷ, ಅನಘಾ, ಎರಡು ಮಂಡಿಗೂ ಎಣ್ಣೆ ಹಚ್ಚಿಕೊಂಡು ಮಲಗುವ ಹೆಂಗಸು. ಹಣ್ಣು ಫ್ಲೆಕ್ಸಿನ ಮೇಲೆ ಹಾಯ್ದು, ಕಂಪೌಂಡು ದಾಟಿ ಹೋಯಿತು. ಹುಡುಕಲು ಹೋದವರಿಗೆ ಸಿಗಲಿಲ್ಲ.

ತಿಪ್ಪವ್ವ, ಮೈಕು ಇನ್ನೂ ಎದುರಿಗಿದೆ ಅನ್ನುವುದು ಮರೆತು, “ಕೈ ಇನ್ನೂ ಹಂಗ ಐತಿ ನೋಡ ಭೀಮಕ್ಕಾ” ಅಂದಳು. ಅಮರೇಶ ನನ್ನ ಕಡೆ ತಿರುಗಿ, “ಸರ?” ಅಂದ.

ಆಗ ನಾನು ಮೈಕು ಹಿಡಿದು ಏನೆಂದೆ ಗೊತ್ತೆ? “ಎಲ್ಲಾ ನನ್ನ ತರಬೇತಿ” ಅಂದೆ. ಜನ ನಕ್ಕರು. ನಾನು ತಮಾಷೆ ಮಾಡಿದರೆ ಎಲ್ಲರೂ ನಗುತ್ತಾರೆ. ನಿನ್ನ ಅವ್ವ ಚಪ್ಪಲಿ ಹಾಕಿಕೊಂಡು ಮನೆಗೆ ಹೋದಳು. ಮನೆಯಲ್ಲಿ ಎರಡು ದಿನದಿಂದ ಊಟ ಬಿಸಿಯಾಗಿಯೇ ಇದೆ, ಮಾತು ಇಲ್ಲ.

ಈಗ ನಿನ್ನ ಪ್ರಶ್ನೆಗೆ ಉತ್ತರ.

ಮದುವೆಯಾದ ಮೊದಲ ಪಂಚಮಿ. ಅವಳು ತವರಿಗೆ ಹೋಗಿದ್ದಳು, ನಾನು ಹೊಸ ಅಳಿಯನಾಗಿ ಹಿಂದೆ ಹೋದೆ. ಅಗಸಿಯಲ್ಲಿ ಗಂಡಸರು ಪಂಥ ಕಟ್ಟುತ್ತಿದ್ದರು. ಊರ ದೊಡ್ಡ ಹೊಲದ ತೋಟಪ್ಪ, “ಮಾಸ್ತರ ಕೈ ಬೋರ್ಡಿನ ಮ್ಯಾಲ ಬರ್ಯಾಕ ಖಡು ಹಿಡಿಯೋದಕ್ಕಷ್ಟ ಐತಿ” ಎಂದು ಕೆಣಕಿದ. ನಾನು ಪಂಥಕ್ಕೆ ಬಿದ್ದೆ. ಒಂಬತ್ತು ಎಸೆತ ಎಸೆದೆ. ಒಂಬತ್ತನೆಯದಕ್ಕೆ ಕೈ ಕೈಕೊಟ್ಟಿತು. ಭುಜ ಎತ್ತಲಾಗದೆ ನಿಂತದ್ದು ಬೇವಿನ ಮರದ ಎದುರು. ಅಲ್ಲಿ ತಿಪ್ಪವ್ವ ಹಗ್ಗ ತೂಗುತ್ತಿದ್ದಳು, ಜೋಕಾಲಿಯ ಮೇಲೆ ನಿಂತು ಜೀಕುತ್ತಿದ್ದವಳು ನಿನ್ನ ಅವ್ವ. ಜೋರಿನಲ್ಲಿದ್ದ ಜೋಕಾಲಿಯಿಂದಲೇ ಜಿಗಿದು ಬಂದು ಹಣ್ಣು ಎತ್ತಿಕೊಂಡಳು.

ತೋಟಪ್ಪ ತಕರಾರು ತೆಗೆದ. ನಾನು ತರ್ಕಶಾಸ್ತ್ರದವ, ಸುಮ್ಮನಿರಲಿಲ್ಲ. “ಹೆಂಡತಿ ಅರ್ಧಾಂಗಿ. ಆ ಅರ್ಧದಾಗ ಬಲಗೈ ಬರ್ತದ. ಆದ್ದರಿಂದ ಅಕಿ ಒಗದ್ರ ನಾ ಒಗದಂಗ” ಎಂದು ವಾದಿಸಿದೆ. ತೋಟಪ್ಪ ಬಾಯಿ ತೆರೆಯುವಷ್ಟರಲ್ಲಿ ಅವಳು ಮೂರು ಎಸೆದಾಗಿತ್ತು. ನಾನು ಹಿಂದೆ ಹಿಂದೆ ಓಡುತ್ತ ಎಣಿಸಿದೆ. ನಲವತ್ತೊಂದಕ್ಕೆ ಹಣ್ಣು ಹನುಮಪ್ಪನ ಕಟ್ಟೆಗೆ ಬಡಿಯಿತು.

ರುಮಾಲು, ತೆಂಗಿನಕಾಯಿ ತಂದರು. ಯಾರಿಗೆ ಕೊಡುವುದೆಂದು ನಿಂತರು. ನಿನ್ನ ಅಜ್ಜ ಒಂದೇ ಮಾತು ಹೇಳಿದರು: “ಅಳಿಯಂದ್ರು ಗೆದ್ರು ಅನ್ರಿ.” ಮೊದಲ ಪಂಚಮಿಗೆ ಬಂದ ಅಳಿಯ ಮಾವನ ಊರಲ್ಲಿ ಸೋತು ಹೋಗಬಾರದು. ತೋಟಪ್ಪನೇ ನನಗೆ ರುಮಾಲು ಸುತ್ತಿದ. ನಾನು ಆಗಲೇ ತೆಗೆದು ಅವಳ ಕೈಗೆ ಕೊಡಬಹುದಿತ್ತು. ತಲೆಗೆ ಸರಿಯಾಗಿ ಕೂತಿತ್ತು, ತೆಗೆಯಲಿಲ್ಲ. ರೋಣಕ್ಕೆ ಬಂದ ಮೇಲೆ ಕಥೆಯಿಂದ ಮೊದಲು ಬೇವಿನ ಮರ ಬಿಟ್ಟೆ, ಆಮೇಲೆ ಜೋಕಾಲಿ ಬಿಟ್ಟೆ, ಕೊನೆಗೆ ಅವಳನ್ನೇ ಬಿಟ್ಟೆ. ಅವಳು ತವರಿನ ಮಾತು ಉಳಿಸಿಕೊಂಡಳು. ನಾನು ಅದರ ಮೇಲೆ ಮೂವತ್ತೊಂಬತ್ತು ವರ್ಷ ಮೆರೆದೆ. ಸಾಲದ್ದಕ್ಕೆ ಧಾರವಾಡದಲ್ಲಿ ಅದರಿಂದಲೇ ನಿನ್ನನ್ನು ಹೊಡೆದೆ.

ನಿನ್ನ ಕೈ ಸೀದಾ ಇತ್ತು, ಮಗಳೇ. ನಿನ್ನ ಅವ್ವನದು. ನಾನು ಕಲಿಸಲು ಬಂದು ಕೆಡಿಸಿದೆ. ನಲವತ್ತೊಂದರಲ್ಲಿ ನನ್ನವು ಒಂಬತ್ತು. ಉಳಿದ ಮೂವತ್ತೆರಡೂ ಅವಳವು. ರಾಜೂರಿನ ಈ ಸಂಗತಿಯನ್ನು ಇಂದು ಬೆಳಿಗ್ಗೆ ಮನೆಯಲ್ಲೇ ಬರೆದು ಅವಳಿಗೆ ತೋರಿಸಿದೆ. ಓದಿದಳು. ಎರಡು ದಿನದಲ್ಲಿ ಮೊದಲ ಸಲ ಒಗ್ಗರಣೆ ಸಿಡಿಯಿತು.

ಇಂತಿ ನಿನ್ನ ತಂದೆ,
ಅನಂತ (ಒಂಬತ್ತು ಎಸೆತದ)

ತಾಜಾ ಕಲಮು: ಇದನ್ನು ಸ್ಕ್ಯಾನ್ ಅಂಗಡಿಯ ಕಟ್ಟೆಯ ಮೇಲೆ ನಿಂತುಕೊಂಡೇ ಬರೆಯುತ್ತಿದ್ದೇನೆ. ಅಂಗಡಿಯವನ ಹೆಸರು ಯಮನೂರಸಾಬ. ಹಾಳೆಗಳನ್ನು ಯಂತ್ರಕ್ಕಿಟ್ಟವನು ಕೊನೆಯದನ್ನು ಕೈಯಲ್ಲಿ ಹಿಡಿದು ನಿಂತ.

“ಓದಬ್ಯಾಡಪ್ಪಾ” ಅಂದೆ.

“ಇಲ್ರೀ ಸರ, ಒಂದ ಮಾತ್ರೀ, ಸಿಟ್ಟಾಗಬ್ಯಾಡ್ರಿ. ನನ್ನ ಹೇಣ್ತಿ ತವರಮನಿ ರಾಜೂರ. ಅಲ್ಲಿ ಪ್ರತಿ ಪಂಚಮಿಗೆ ಭೀಮಕ್ಕನ ಲಿಂಬಿ ಕತಿ ಹೇಳ್ತಾರ್ರೀ. ಅದರಾಗ ಅಳಿಯಾರ್ದು ಒಂಬತ್ತಲ್ರೀ, ಏಳು. ಎರಡು ಹಿಂದಕ್ಕ ಬಿದ್ದಿದ್ವಂತ. ಅಳಿಯಾರಂತ ಲೆಕ್ಕಕ್ಕ ಹಿಡೀಲಿಲ್ಲಂತ. ಉಳಿದ ಮೂವತ್ನಾಕೂ ಭೀಮಕ್ಕಂದಂತ.”

ಹೌದು. ಏಳು.